ಮೊದಲ ಲಾಗಿನ್: ಕಪ್ಪು ಪರದೆಯ ಮುಂದಿನ ಅರ್ಧ ಗಂಟೆ

ಈ ತಿಂಗಳು ಬಂದ ಪತ್ರಗಳಲ್ಲಿ ಆರು ಪತ್ರಗಳು ಒಂದೇ ಗಳಿಗೆಯ ಸುತ್ತ ಇವೆ. ಕಂಪ್ಯೂಟರಿಗೆ ಡೆಬಿಯನ್ ಲಿನಕ್ಸ್ ಎಂಬ, ವಿಂಡೋಸ್‌ನಂಥ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿಯಾಗಿದೆ, ಪೆನ್‌ಡ್ರೈವ್ ತೆಗೆದಾಗಿದೆ, ಯಂತ್ರ ಮತ್ತೆ ಚಾಲೂ ಆಗಿದೆ. ಆಮೇಲೆ ಏನು ಮಾಡಬೇಕೆಂದು ತೋಚದೆ ಓದುಗರು ಕೈಕಟ್ಟಿ ಕುಳಿತಿದ್ದಾರೆ. ಇನ್‌ಸ್ಟಾಲ್ ಮಾಡುವುದನ್ನು ಹೇಳಿಕೊಡುವವರು ಬೇಕಾದಷ್ಟು ಮಂದಿ ಸಿಗುತ್ತಾರೆ, ಆದರೆ ಮೊದಲ ಸಲ ಒಳಗೆ ಕಾಲಿಟ್ಟಾಗಿನ ಅರ್ಧ ಗಂಟೆಯಲ್ಲಿ ಜೊತೆಗೆ ನಿಲ್ಲುವವರು ಕಡಿಮೆ. ಹೀಗಾಗಿ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಕಮಾಂಡುಗಳನ್ನು, ಅಂದರೆ ಯಂತ್ರಕ್ಕೆ ಬರೆದು ಕೊಡುವ ಆದೇಶಗಳನ್ನು, ಇಲ್ಲಿ ಕನ್ನಡ ಅಕ್ಷರಗಳಲ್ಲಿ ಅಚ್ಚು ಮಾಡಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳನ್ನೇ ಬಳಸಬೇಕು. ಕಾಗುಣಿತದಲ್ಲಿ ಸಂದೇಹ ಬರಬಹುದಾದ ಕಡೆ ಅಕ್ಷರಗಳನ್ನು ಬಿಡಿಸಿ ಹೇಳಿದ್ದೇನೆ.

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ನಿವೃತ್ತ ಹೈಸ್ಕೂಲ್ ಶಿಕ್ಷಕ. ನನ್ನ ಹಳೆಯ ಲ್ಯಾಪ್‌ಟಾಪಿಗೆ ಡೆಬಿಯನ್ 12 ಹಾಕಿದ ಮೇಲೆ ಕಪ್ಪು ಪರದೆಯಲ್ಲಿ ‘ಡೆಬಿಯನ್ ಲಾಗಿನ್’ ಎಂಬ ಒಂದು ಸಾಲು ಮಾತ್ರ ಬರುತ್ತದೆ. ನನ್ನ ಪೂರ್ಣ ಹೆಸರನ್ನು ಬರೆದು ಎಂಟರ್ ಒತ್ತಿದೆ. ಪಾಸ್‌ವರ್ಡ್ ಕೇಳಿತು, ಆದರೆ ಎಷ್ಟು ಒತ್ತಿದರೂ ಒಂದು ಅಕ್ಷರವೂ ಮೂಡಲಿಲ್ಲ. ಚಿತ್ರಗಳಿಲ್ಲ, ಮೌಸ್ ಇಲ್ಲ. ಕೀಬೋರ್ಡ್ ಕೆಟ್ಟಿದೆಯೋ, ನಾನು ಏನಾದರೂ ತಪ್ಪು ಮಾಡಿದೆನೋ ತಿಳಿಯುತ್ತಿಲ್ಲ.

ಉತ್ತರ: ತಮ್ಮ ಕೀಬೋರ್ಡ್ ಸರಿಯಾಗಿದೆ. ಲಾಗಿನ್ ಎಂಬ ಸಾಲು ಕಾಣಿಸಿತೆಂದರೆ ಡಿಸ್ಕ್ ಓದಿಯಾಗಿದೆ, ವ್ಯವಸ್ಥೆಯ ತಿರುಳಾದ ಕರ್ನೆಲ್ ಎದ್ದು ನಿಂತಿದೆ, ಬಾಗಿಲಲ್ಲಿ ಯಾರು ಬಂದಿದ್ದಾರೆಂದು ಯಂತ್ರ ವಿಚಾರಿಸುತ್ತಿದೆ ಎಂದೇ ಅರ್ಥ. ತೊಡಕಾಗಿರುವುದು ಹೇಳಿದ ಹೆಸರಿನಲ್ಲಿ. ಇನ್‌ಸ್ಟಾಲ್ ಮಾಡುವಾಗ ಡೆಬಿಯನ್ ತಮ್ಮಿಂದ ಎರಡು ಹೆಸರುಗಳನ್ನು ಕೇಳಿತ್ತು: ಮೊದಲನೆಯದು ಪೂರ್ಣ ಹೆಸರು, ಎರಡನೆಯದು ಬಳಕೆದಾರರ ಹೆಸರು. ಪೂರ್ಣ ಹೆಸರಿನ ಮೊದಲ ಪದವನ್ನು ಸಣ್ಣಕ್ಷರಕ್ಕೆ ಇಳಿಸಿ ಅದನ್ನೇ ಬಳಕೆದಾರರ ಹೆಸರೆಂದು ಡೆಬಿಯನ್ ತಾನಾಗಿ ಸೂಚಿಸುತ್ತದೆ, ಮತ್ತು ಬಹಳಷ್ಟು ಜನ ಅದನ್ನು ಗಮನಿಸದೆ ಎಂಟರ್ ಒತ್ತಿ ಮುಂದೆ ಹೋಗುತ್ತಾರೆ. ಲಾಗಿನ್ ಸಾಲಿನಲ್ಲಿ ನಡೆಯುವುದು ಆ ಎರಡನೆಯ ಹೆಸರೊಂದೇ. ಅದನ್ನು ಇನ್‌ಸ್ಟಾಲ್ ಸಮಯದಲ್ಲಿ ಕೊಟ್ಟ ಹಾಗೆಯೇ, ಸಣ್ಣಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆಯಬೇಕು. ಯುನಿಕ್ಸ್ ಎಂಬ ಹಳೆಯ ವ್ಯವಸ್ಥೆಯ ಕುಲಕ್ಕೆ ಸೇರಿದ ಲಿನಕ್ಸ್‌ಗೆ ದೊಡ್ಡ ‘ಆರ್’ ಬೇರೆ, ಸಣ್ಣ ‘ಆರ್’ ಬೇರೆ.

ಪಾಸ್‌ವರ್ಡ್ ಮೂಡದಿರುವುದು ದೋಷವಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಯುನಿಕ್ಸ್ 1969ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅವರ ಕೈಯಲ್ಲಿ ಹುಟ್ಟಿದಾಗ ಅದಕ್ಕೆ ಕಮಾಂಡು ಕೊಡುತ್ತಿದ್ದುದು ಪರದೆಯ ಮೇಲಲ್ಲ, ಟೆಲಿಟೈಪ್ ಎಂಬ ಬೆರಳಚ್ಚು ಯಂತ್ರದಲ್ಲಿ. ಒತ್ತಿದ ಪ್ರತಿ ಅಕ್ಷರವೂ ಕಾಗದದ ಸುರುಳಿಯ ಮೇಲೆ ಅಚ್ಚಾಗುತ್ತಿತ್ತು. ಪಾಸ್‌ವರ್ಡ್ ಅಚ್ಚಾದರೆ ಕಾಗದ ಕೈಗೆ ಸಿಕ್ಕವರೆಲ್ಲ ಓದಬಹುದಿತ್ತು. ಅದಕ್ಕಾಗಿ ಪಾಸ್‌ವರ್ಡ್ ಹೊಡೆಯುವಷ್ಟು ಹೊತ್ತು ಅಚ್ಚನ್ನೇ ನಿಲ್ಲಿಸುವ ಪದ್ಧತಿ ಬಂತು. ಇಂದು ಬ್ಯಾಂಕಿನ ಪುಟಗಳಲ್ಲಿ ಕಾಣುವ ಚುಕ್ಕೆಗಳೂ ಇಲ್ಲಿ ಇಲ್ಲದಿರುವುದರಿಂದ, ಹಿಂದೆ ನಿಂತು ನೋಡುವವರಿಗೆ ಪಾಸ್‌ವರ್ಡಿನ ಉದ್ದ ಕೂಡ ತಿಳಿಯುವುದಿಲ್ಲ. ಇದು ಒಳ್ಳೆಯ ಪದ್ಧತಿ ಎಂಬುದು ನನ್ನ ಅಭಿಪ್ರಾಯ. ನಡುವೆ ಬೆರಳು ತಪ್ಪಿತೆನಿಸಿದರೆ ಬ್ಯಾಕ್‌ಸ್ಪೇಸ್ ಕಾಣದಿದ್ದರೂ ಕೆಲಸ ಮಾಡುತ್ತದೆ. ಕಂಟ್ರೋಲ್ ಕೀಲಿ ಹಿಡಿದು ‘ಯು’ ಒತ್ತಿದರೆ ಬರೆದದ್ದೆಲ್ಲ ಅಳಿಸಿಹೋಗಿ ಮೊದಲಿನಿಂದ ಶುರು ಮಾಡಬಹುದು.

ತಪ್ಪಾದರೆ ಎರಡು ಮೂರು ಸೆಕೆಂಡು ತಡೆದು ‘ಲಾಗಿನ್ ಇನ್‌ಕರೆಕ್ಟ್’ ಎಂದು ಬರುತ್ತದೆ. ಹೆಸರು ತಪ್ಪೋ ಪಾಸ್‌ವರ್ಡ್ ತಪ್ಪೋ ಎಂಬುದನ್ನು ಅದು ಹೇಳುವುದಿಲ್ಲ, ಏಕೆಂದರೆ ಹೇಳಿದರೆ ಕಳ್ಳನಿಗೆ ಅರ್ಧ ದಾರಿ ತೋರಿಸಿದಂತಾಗುತ್ತದೆ. ಆ ತಡೆ ಕೂಡ ಒಂದರ ಹಿಂದೊಂದು ಸಾವಿರ ಪಾಸ್‌ವರ್ಡುಗಳನ್ನು ಪ್ರಯತ್ನಿಸುವವರನ್ನು ನಿಧಾನಗೊಳಿಸುವುದಕ್ಕೆ ಇದೆ. ಹೆಸರು ಕೊಟ್ಟು ಸುಮ್ಮನೆ ಕುಳಿತರೆ 60 ಸೆಕೆಂಡಿಗೆ ಅದು ತಾನಾಗಿ ಹಿಂದಿರುಗಿ ಮತ್ತೆ ಲಾಗಿನ್ ಕೇಳುತ್ತದೆ. ಇವುಗಳಲ್ಲಿ ಯಾವುದೂ ಯಂತ್ರಕ್ಕೆ ಹಾನಿ ಮಾಡುವುದಿಲ್ಲ.

ಒಳಗೆ ಬಂದ ಮೇಲೆ ಕಾಣುವ ಸಾಲನ್ನು ನಿಧಾನವಾಗಿ ಓದಿರಿ, ಅದರಲ್ಲಿ ಬೇಕಾದ ಸಂಗತಿಯೆಲ್ಲ ಇದೆ. ಮೊದಲು ತಮ್ಮ ಹೆಸರು, ಆಮೇಲೆ ‘ಅಟ್’ ಚಿಹ್ನೆ, ಆಮೇಲೆ ಯಂತ್ರಕ್ಕೆ ಕೊಟ್ಟ ಹೆಸರು, ಒಂದು ಕೋಲನ್, ಒಂದು ಅಲೆಗೆರೆ, ಕೊನೆಗೆ ಡಾಲರ್ ಚಿಹ್ನೆ. ಅಂದರೆ, ಇಂಥವರು, ಇಂಥ ಯಂತ್ರದಲ್ಲಿ, ತಮ್ಮ ಮನೆಯೊಳಗೆ ಇದ್ದಾರೆ. ಟಿಲ್ಡೆ ಎನ್ನುವ ಆ ಅಲೆಗೆರೆಯೇ ಮನೆಯ ಗುರುತು. 1970ರ ದಶಕದ ಎಡಿಎಂ-3ಎ ಎಂಬ ಟರ್ಮಿನಲ್ಲಿನ ಕೀಬೋರ್ಡಿನಲ್ಲಿ ‘ಹೋಮ್’ ಮತ್ತು ಟಿಲ್ಡೆ ಒಂದೇ ಕೀಲಿಯ ಮೇಲೆ ಇದ್ದುದರಿಂದ ಈ ಅರ್ಥ ಅಂಟಿಕೊಂಡಿತು. ಕೊನೆಯ ಚಿಹ್ನೆ ಎಲ್ಲಕ್ಕಿಂತ ಮುಖ್ಯ. ಡಾಲರ್ ಇದ್ದರೆ ತಾವು ಸಾಮಾನ್ಯ ಬಳಕೆದಾರರು. ಹ್ಯಾಷ್ ಇದ್ದರೆ ತಾವು ರೂಟ್, ಅಂದರೆ ಯಂತ್ರದಲ್ಲಿ ಏನನ್ನು ಬೇಕಾದರೂ ಮಾಡಬಲ್ಲ, ಏನನ್ನು ಬೇಕಾದರೂ ಕೆಡಿಸಬಲ್ಲ ಯಜಮಾನರು. ಯಾವುದೇ ಕಮಾಂಡ್ ಬರೆಯುವ ಮುನ್ನ ಆ ಒಂದು ಚಿಹ್ನೆಯನ್ನು ನೋಡುವ ಅಭ್ಯಾಸ ಮೊದಲ ದಿನವೇ ಆಗಲಿ.

ಈಗ ಮೂರು ಕಮಾಂಡುಗಳನ್ನು ಕೊಟ್ಟು ನೋಡಿರಿ. ‘ಡಬ್ಲ್ಯೂ ಎಚ್ ಓ ಎ ಎಂ ಐ’ ಎಂಬ ಆರು ಅಕ್ಷರಗಳನ್ನು ಜಾಗ ಬಿಡದೆ ಬರೆದರೆ ನಾನು ಯಾರು ಎಂಬುದಕ್ಕೆ ಉತ್ತರ ಬರುತ್ತದೆ. ‘ಪಿ ಡಬ್ಲ್ಯೂ ಡಿ’ ಎಂದರೆ ನಾನು ಎಲ್ಲಿದ್ದೇನೆ ಎಂಬುದು. ‘ಎಲ್ ಎಸ್’ ಎಂದರೆ ಇಲ್ಲಿ ಏನೇನಿದೆ ಎಂಬುದು. ಹೊಸ ಮನೆಯಲ್ಲಿ ತಾವಿನ್ನೂ ಏನನ್ನೂ ಇಟ್ಟಿಲ್ಲವಾದ್ದರಿಂದ ಈ ಮೂರನೆಯದಕ್ಕೆ ಉತ್ತರವೇ ಬರುವುದಿಲ್ಲ. ಡಾಲರ್ ಚಿಹ್ನೆ ಮತ್ತೊಮ್ಮೆ ಬಂದು ನಿಲ್ಲುತ್ತದೆ, ಅಷ್ಟೆ. ಬಹಳ ಜನ ಇಲ್ಲಿ ಎರಡನೆಯ ಸಲ ಗಾಬರಿಯಾಗುತ್ತಾರೆ. ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತೇವಲ್ಲ, ಯುನಿಕ್ಸ್ ಆ ಮಾತನ್ನು ಅಕ್ಷರಶಃ ಪಾಲಿಸುತ್ತದೆ: ಹೇಳಿದ ಕೆಲಸ ಸರಿಯಾಗಿ ನಡೆದರೆ ಅದು ಸುಮ್ಮನಿರುತ್ತದೆ, ಕೆಟ್ಟರೆ ಮಾತ್ರ ಬಾಯಿ ಬಿಡುತ್ತದೆ. ‘ಎಲ್ ಎಸ್’ ಆದ ಮೇಲೆ ಒಂದು ಜಾಗ ಬಿಟ್ಟು ಅಡ್ಡಗೆರೆ (ಹೈಫನ್), ಅದಕ್ಕೆ ತಾಗಿಸಿ ‘ಎ’ ಬರೆದರೆ, ಚುಕ್ಕೆಯಿಂದ ಶುರುವಾಗುವ ಕೆಲವು ಮರೆಯ ಫೈಲುಗಳು ಕಾಣುತ್ತವೆ. ತಮ್ಮ ಮನೆಯ ಕಟ್ಟಳೆಗಳು ಅವುಗಳಲ್ಲಿ ಇರುವುದರಿಂದ ಸದ್ಯಕ್ಕೆ ಅವನ್ನು ಮುಟ್ಟಬೇಡಿ. ಹೆಸರುಗಳು ಇಷ್ಟು ಚುಟುಕಾಗಿರುವುದಕ್ಕೂ ಆ ಹಳೆಯ ಯಂತ್ರದ ನೆರಳಿದೆ: ಬೆಲ್ ಲ್ಯಾಬ್ಸ್‌ನಲ್ಲಿದ್ದ ಮಾಡೆಲ್ 33 ಟೆಲಿಟೈಪ್ ಸೆಕೆಂಡಿಗೆ 10 ಅಕ್ಷರಗಳನ್ನಷ್ಟೇ ಅಚ್ಚು ಮಾಡಬಲ್ಲದಾಗಿತ್ತು, ಅದರ ಕೀಲಿಗಳನ್ನು ಒತ್ತಲು ಬಲವೂ ಬೇಕಿತ್ತು.

ಸಂದೇಹ ಬಂದಾಗ ‘ಮ್ಯಾನ್’ ಎಂದು ಬರೆದು, ಜಾಗ ಬಿಟ್ಟು, ಕಮಾಂಡಿನ ಹೆಸರು ಕೊಟ್ಟರೆ ಅದರ ಕೈಪಿಡಿ ತೆರೆದುಕೊಳ್ಳುತ್ತದೆ. ಯುನಿಕ್ಸ್‌ನ ಮೊದಲ ಕೈಪಿಡಿ 1971ರ ನವೆಂಬರಿನಲ್ಲಿ ಸಿದ್ಧವಾಯಿತು. ಹೆಸರು, ಬಳಸುವ ರೀತಿ, ವಿವರಣೆ ಎಂಬ ಇಂದಿನ ಪುಟಗಳ ಕ್ರಮ ಅಲ್ಲಿಂದಲೇ ಬಂದದ್ದು. ಸ್ಪೇಸ್ ಒತ್ತಿದರೆ ಪುಟ ಮುಂದೆ ಹೋಗುತ್ತದೆ, ‘ಕ್ಯೂ’ ಒತ್ತಿದರೆ ಹೊರಗೆ ಬರಬಹುದು. ಪಾಠ ಹೇಳಿದವರಾದ ತಮಗೆ ಆ ಪುಟಗಳ ಶಿಸ್ತು ಮೆಚ್ಚುಗೆಯಾಗುತ್ತದೆ ಎಂಬುದು ನನ್ನ ನಂಬಿಕೆ.

ಚಿತ್ರಗಳಿಲ್ಲದಿರುವುದಕ್ಕೆ ಕಾರಣ, ಇನ್‌ಸ್ಟಾಲ್‌ನ ಕೊನೆಯ ಹಂತಗಳಲ್ಲಿ ಬರುವ ತಂತ್ರಾಂಶಗಳ ಪಟ್ಟಿಯಲ್ಲಿ ಡೆಸ್ಕ್‌ಟಾಪಿನ ಮುಂದಿನ ಗುರುತು ಅಳಿಸಿಹೋಗಿರುವುದು. ಇಂಟರ್ನೆಟ್ ಸಂಪರ್ಕ ಇಟ್ಟುಕೊಂಡು, ಲಾಗಿನ್ ಸಾಲಿನಲ್ಲಿ ‘ರೂಟ್’ ಎಂಬ ಹೆಸರಿನಿಂದ ಒಳಬಂದು, ‘ಟಾಸ್ಕ್‌ಸೆಲ್’ ಎಂದು ಬರೆಯಿರಿ. ಅಕ್ಷರಗಳು ಟಿ ಎ ಎಸ್ ಕೆ ಎಸ್ ಇ ಎಲ್. ಅದೇ ಪಟ್ಟಿ ಮತ್ತೆ ಬರುತ್ತದೆ. ಹಳೆಯ ಲ್ಯಾಪ್‌ಟಾಪಿಗೆ ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿ ಎಂಬ ಡೆಸ್ಕ್‌ಟಾಪ್ ಹಗುರವಾಗಿ ಹೊಂದುತ್ತದೆ. ಬಾಣದ ಕೀಲಿಗಳಿಂದ ಅದರ ಮೇಲೆ ಹೋಗಿ ಸ್ಪೇಸ್ ಒತ್ತಿ ಗುರುತು ಹಾಕಿ, ಟ್ಯಾಬ್ ಒತ್ತಿ, ಎಂಟರ್ ಕೊಡಿ. ಕೆಲಸ ಮುಗಿದ ಮೇಲೆ ‘ಪವರ್‌ಆಫ್’ ಎಂದು ಬರೆದು ಯಂತ್ರವನ್ನು ನಿಲ್ಲಿಸಬೇಕೇ ಹೊರತು ಬಟನ್ ಒತ್ತಿ ಹಿಡಿದು ಆರಿಸಬಾರದು. ಬರೆಯಬೇಕಾದ ಮಾಹಿತಿ ಇನ್ನೂ ಮೆಮೊರಿಯಲ್ಲೇ ಉಳಿದಿರುವ ಸಂಭವ ಇರುತ್ತದೆ.

ಪ್ರಶ್ನೆ: ಲಾಗಿನ್ ಆದ ಕೂಡಲೇ ಈ ವ್ಯವಸ್ಥೆಗೆ ಕಿಂಚಿತ್ತೂ ವಾರಂಟಿ ಇಲ್ಲ ಎಂದು ದೊಡ್ಡಕ್ಷರಗಳಲ್ಲಿ ತೋರಿಸುತ್ತದೆ. ಕಂಪ್ಯೂಟರಿನ ವಾರಂಟಿ ಹೋಯಿತೆ? (ಬಳ್ಳಾರಿಯ ಗೃಹಿಣಿಯೊಬ್ಬರು)

ಉತ್ತರ: ಇಲ್ಲ. ಆ ಮಾತು ತಂತ್ರಾಂಶವನ್ನು ಕುರಿತದ್ದು, ನೀವು ಕೊಂಡ ಯಂತ್ರವನ್ನು ಕುರಿತದ್ದಲ್ಲ. ಡೆಬಿಯನ್ 1993ರಲ್ಲಿ ಇಯಾನ್ ಮುರ್ಡಾಕ್ ಶುರು ಮಾಡಿದ, ಇಂದು ಲೋಕದ ನಾನಾ ಕಡೆಯ ಸ್ವಯಂಸೇವಕರು ಸೇರಿ ನಡೆಸುವ ಯೋಜನೆ. ಬೆಲೆ ತೆಗೆದುಕೊಳ್ಳದೆ ಹಂಚುವ ತಂತ್ರಾಂಶದಿಂದ ನಷ್ಟವಾದರೆ ಅದನ್ನು ಬರೆದವರು ಹೊಣೆಯಾಗುವುದಿಲ್ಲ ಎಂದು ಪರವಾನಗಿಯಲ್ಲಿ ಬರೆದಿರುವುದನ್ನೇ ಅಲ್ಲಿ ಎತ್ತಿ ತೋರಿಸಿದ್ದಾರೆ. ಆ ಸಾಲುಗಳ ಜೊತೆಗೆ, ಡೆಬಿಯನ್ 12ರಲ್ಲಿ, ಎರಡನೆಯ ಸಲದಿಂದ, ಹಿಂದಿನ ಲಾಗಿನ್ ಯಾವ ದಿನ ಎಷ್ಟು ಹೊತ್ತಿಗೆ ಆಯಿತೆಂಬುದೂ ಬರುತ್ತದೆ. ಜನರು ಓದದೆ ಬಿಡುವ ಆ ಸಾಲು ನಿಮಗೆ ನಿಜವಾಗಿ ಉಪಯೋಗದ್ದು: ನೀವು ಕುಳಿತಿರದ ಹೊತ್ತನ್ನು ಅದು ತೋರಿಸಿದರೆ ಬೇರೆ ಯಾರೋ ನಿಮ್ಮ ಹೆಸರಿನಲ್ಲಿ ಒಳಬಂದಿದ್ದಾರೆ, ಕೂಡಲೇ ಪಾಸ್‌ವರ್ಡ್ ಬದಲಿಸಬೇಕು. ಬದಲಿಸುವ ಕಮಾಂಡ್ ‘ಪಿ ಎ ಎಸ್ ಎಸ್ ಡಬ್ಲ್ಯೂ ಡಿ’. ನಡುವಿನ ‘ಓ’ ಮತ್ತು ‘ಆರ್’ ಇಲ್ಲ ಎಂಬುದನ್ನು ಗಮನಿಸಿ.

ಪ್ರಶ್ನೆ: ನಾನು ಧಾರವಾಡದಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಎಲ್ಲರೂ ಹೇಳುವಂತೆ, ರೂಟ್‌ನ ಅಧಿಕಾರದಲ್ಲಿ ಕೆಲಸ ಮಾಡಿಸಲು ಕಮಾಂಡಿನ ಮುಂದೆ ‘ಸೂಡೂ’ ಸೇರಿಸಿ ಪಾಸ್‌ವರ್ಡ್ ಕೊಟ್ಟರೆ, ನಿನ್ನ ಹೆಸರು ಸೂಡೂಅರ್ಸ್ ಫೈಲಿನಲ್ಲಿ ಇಲ್ಲ, ಈ ಘಟನೆಯನ್ನು ವರದಿ ಮಾಡಲಾಗುವುದು ಎಂದು ಬರುತ್ತದೆ. ಯಂತ್ರ ನನ್ನದೇ, ಇನ್‌ಸ್ಟಾಲ್ ಮಾಡಿದವನೂ ನಾನೇ. ಯಾರಿಗೆ ವರದಿ ಹೋಗುತ್ತದೆ? ಇದಕ್ಕಿಂತ ಯಾವಾಗಲೂ ರೂಟ್ ಆಗಿಯೇ ಕೆಲಸ ಮಾಡಿದರೆ ತಪ್ಪೇನು?

ಉತ್ತರ: ವರದಿ ನಿಮ್ಮ ಯಂತ್ರದಿಂದ ಹೊರಗೆ ಎಲ್ಲಿಗೂ ಹೋಗುವುದಿಲ್ಲ. ಅದು ಅದೇ ಯಂತ್ರದ ದಾಖಲೆಯಲ್ಲಿ ಸೇರುತ್ತದೆ, ಅದನ್ನು ಓದಬೇಕಾದ ರೂಟ್ ಎಂಬ ಅಧಿಕಾರಿಯೂ ನೀವೇ. ಯುನಿಕ್ಸ್ ಮೂಲತಃ ಒಂದೇ ಯಂತ್ರವನ್ನು ಹತ್ತಾರು ಜನ ಹಂಚಿಕೊಳ್ಳುತ್ತಿದ್ದ ಕಾಲದ ವ್ಯವಸ್ಥೆಯಾದ್ದರಿಂದ ಅದರ ಮಾತಿನ ಧಾಟಿ ಕಚೇರಿಯದು.

ನಿಮಗೆ ಹೀಗಾಗಲು ಕಾರಣ ಇನ್‌ಸ್ಟಾಲ್ ಸಮಯದ ಒಂದು ಪುಟದಲ್ಲಿದೆ. ರೂಟ್‌ಗೆ ಪಾಸ್‌ವರ್ಡ್ ಕೊಡಿ ಎಂದು ಡೆಬಿಯನ್ ಕೇಳಿದಾಗ ಆ ಜಾಗವನ್ನು ಖಾಲಿ ಬಿಟ್ಟಿದ್ದರೆ, ಅದು ರೂಟ್ ಖಾತೆಗೆ ಬೀಗ ಹಾಕಿ, ಮೊದಲ ಬಳಕೆದಾರನನ್ನು ತಾನೇ ‘ಸೂಡೂ’ ಗುಂಪಿಗೆ ಸೇರಿಸುತ್ತಿತ್ತು. ನೀವು ಅಲ್ಲಿ ಪಾಸ್‌ವರ್ಡ್ ಕೊಟ್ಟಿದ್ದೀರಿ, ಆದ್ದರಿಂದ ರೂಟ್ ಖಾತೆ ತೆರೆದಿದೆ, ನೀವು ಗುಂಪಿನ ಹೊರಗೆ ಉಳಿದಿದ್ದೀರಿ. ಎರಡೂ ಸರಿಯಾದ ವ್ಯವಸ್ಥೆಗಳೇ. ಈ ವಿವರ ಆ ಪುಟದಲ್ಲೇ ಅಚ್ಚಾಗಿರುತ್ತದೆ, ಆದರೆ ಇನ್‌ಸ್ಟಾಲ್ ಮುಗಿಸುವ ಅವಸರದಲ್ಲಿ ಅದನ್ನು ಓದುವವರು ವಿರಳ.

ಸರಿಪಡಿಸಲು ‘ಎಸ್ ಯು’ ಎಂದು ಬರೆದು, ಒಂದು ಜಾಗ ಬಿಟ್ಟು, ಒಂದು ಅಡ್ಡಗೆರೆ ಹಾಕಿ ಎಂಟರ್ ಒತ್ತಿ, ರೂಟ್ ಪಾಸ್‌ವರ್ಡ್ ಕೊಡಿ. ಆ ಅಡ್ಡಗೆರೆಯನ್ನು ಮರೆಯಬೇಡಿ. 2019ರ ಡೆಬಿಯನ್ 10ರಿಂದ ಈಚೆಗೆ, ಅಡ್ಡಗೆರೆಯಿಲ್ಲದೆ ರೂಟ್ ಆದವರಿಗೆ ಕಮಾಂಡುಗಳನ್ನು ಹುಡುಕಲು ಸಾಮಾನ್ಯ ಬಳಕೆದಾರನ ದಾರಿಗಳೇ ಉಳಿಯುತ್ತವೆ. ಆಡಳಿತದ ಕಮಾಂಡುಗಳು ಇರುವ ‘ಎಸ್‌ಬಿನ್’ ಫೋಲ್ಡರಿನಲ್ಲಿ ಶೆಲ್ (ಕಮಾಂಡುಗಳನ್ನು ಓದಿ ನಡೆಸುವ ಪ್ರೋಗ್ರಾಂ) ಹುಡುಕುವುದೇ ಇಲ್ಲ, ಇರುವ ಕಮಾಂಡನ್ನೂ ಇಲ್ಲ ಎನ್ನುತ್ತದೆ. ಹ್ಯಾಷ್ ಚಿಹ್ನೆ ಬಂದ ಮೇಲೆ ‘ಆಡ್‌ಯೂಸರ್’ ಎಂಬ ಒಂದೇ ಪದ, ಜಾಗ, ನಿಮ್ಮ ಬಳಕೆದಾರ ಹೆಸರು, ಜಾಗ, ‘ಸೂಡೂ’ ಎಂದು ಬರೆಯಿರಿ. ಸ್ಪೆಲ್ಲಿಂಗಿನಲ್ಲಿ ಆಡ್‌ಯೂಸರ್‌ಗೆ ಎರಡು ‘ಡಿ’, ಸೂಡೂವಿಗೆ ಎಸ್ ಯು ಡಿ ಓ. ‘ಯೂಸರ್‌ಮಾಡ್’ ಎಂಬ ಇನ್ನೊಂದು ಕಮಾಂಡಿನಿಂದಲೂ ಇದು ಆಗುತ್ತದೆ, ಆದರೆ ಅದರಲ್ಲಿ ಸಣ್ಣ ‘ಎ’ ಸೇರಿಸಲು ಮರೆತರೆ ನೀವು ಈಗಾಗಲೇ ಇರುವ ಉಳಿದ ಗುಂಪುಗಳಿಂದ ಹೊರಬೀಳುತ್ತೀರಿ. ಹೊಸಬರಿಗೆ ಆಡ್‌ಯೂಸರೇ ಕ್ಷೇಮ. ಇಷ್ಟಾದರೂ ತಕ್ಷಣ ಸೂಡೂ ನಡೆಯುವುದಿಲ್ಲ. ಯಾವ ಯಾವ ಗುಂಪಿಗೆ ಸೇರಿದ್ದೀರಿ ಎಂಬುದನ್ನು ಲಾಗಿನ್ ಆಗುವ ಗಳಿಗೆಯಲ್ಲೇ ವ್ಯವಸ್ಥೆ ನಿಮಗೆ ಅಂಟಿಸುವುದರಿಂದ, ಪೂರ್ತಿ ಲಾಗ್‌ಔಟ್ ಆಗಿ ಮತ್ತೆ ಒಳಬರಬೇಕು.

ಯಾವಾಗಲೂ ರೂಟ್ ಆಗಿದ್ದರೆ ತಪ್ಪೇನು ಎಂಬುದಕ್ಕೆ ನನ್ನದೇ ಅನುಭವವನ್ನು ಹೇಳುತ್ತೇನೆ. ವರ್ಷಗಳ ಹಿಂದೆ ಒಂದು ಸಣ್ಣ ಕಚೇರಿಯ ಯಂತ್ರದಲ್ಲಿ ರೂಟ್ ಆಗಿ ಕುಳಿತು, ಒಂದು ಫೋಲ್ಡರಿನ ಫೈಲುಗಳ ಒಡೆತನವನ್ನು ಒಬ್ಬ ಬಳಕೆದಾರರ ಹೆಸರಿಗೆ ವರ್ಗಾಯಿಸುತ್ತಿದ್ದೆ. ಕಮಾಂಡ್ ‘ಸಿ ಎಚ್ ಓ ಡಬ್ಲ್ಯೂ ಎನ್’; ಒಳಗಿನ ಎಲ್ಲ ಫೋಲ್ಡರುಗಳಿಗೂ ಇಳಿದು ಹೋಗು ಎನ್ನುವ ದೊಡ್ಡ ‘ಆರ್’ ಅದರ ಜೊತೆಗಿತ್ತು. ಕೊನೆಯಲ್ಲಿ ‘ನಾನು ಈಗಿರುವ ಫೋಲ್ಡರ್’ ಎಂಬುದಕ್ಕೆ ಒಂದು ಚುಕ್ಕೆ ಹಾಕಬೇಕಿತ್ತು. ಕೀಬೋರ್ಡನ್ನು ನೋಡಿ: ಚುಕ್ಕೆಯ ಬಲಕ್ಕೆ ತಾಗಿಯೇ ಓರೆಗೆರೆಯ ಕೀಲಿ ಇದೆ, ಮತ್ತು ಓರೆಗೆರೆಯೊಂದೇ ಇದ್ದರೆ ಇಡೀ ವ್ಯವಸ್ಥೆ ಎಂದು ಅರ್ಥ. ನನ್ನ ಬೆರಳು ಅಲ್ಲಿ ಬಿತ್ತು, ಎಂಟರ್ ಕೂಡ ಒತ್ತಿಯಾಗಿತ್ತು. ಕೆಲವು ಸೆಕೆಂಡುಗಳಲ್ಲಿ ತಿಳಿದು ನಿಲ್ಲಿಸಿದೆನಾದರೂ ಅಷ್ಟರಲ್ಲಿ ಮುಖ್ಯ ಫೋಲ್ಡರುಗಳ ಒಡೆತನವೆಲ್ಲ ಬದಲಾಗಿತ್ತು. ‘ಎಸ್ ಯು’ ಮತ್ತು ಸೂಡೂ ಎರಡೂ ನಿಂತುಹೋದವು, ಏಕೆಂದರೆ ಅವು ರೂಟ್‌ನ ಒಡೆತನದಲ್ಲಿದ್ದು ‘ಸೆಟ್‌ಯುಐಡಿ’ ಎಂಬ ಗುರುತನ್ನು ಹೊತ್ತಿದ್ದರೆ ಮಾತ್ರ ಕೆಲಸ ಮಾಡುತ್ತವೆ. ಒಡೆತನ ಬದಲಾದಾಗ ಆ ಗುರುತು ಅಳಿಸಿಹೋಗುತ್ತದೆ. ಡೆನ್ನಿಸ್ ರಿಚಿ ಕಂಡುಹಿಡಿದು ಪೇಟೆಂಟ್ ಪಡೆದ ಉಪಾಯ ಅದು: ನಡೆಸುವವರು ಯಾರೇ ಆಗಿರಲಿ, ಆ ಒಂದು ಪ್ರೋಗ್ರಾಂ ಮಾತ್ರ ತನ್ನ ಒಡೆಯನ ಅಧಿಕಾರದಲ್ಲಿ ನಡೆಯುತ್ತದೆ. ಆ ಯಂತ್ರವನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಲು ಒಂದು ಇಡೀ ದಿನ ಹೋಯಿತು. ಅಂದು ನಾನು ಸಾಮಾನ್ಯ ಬಳಕೆದಾರನಾಗಿ ಅದೇ ತಪ್ಪನ್ನು ಮಾಡಿದ್ದರೆ, ಅನುಮತಿ ಇಲ್ಲ ಎಂಬ ಸಾಲುಗಳು ಪರದೆಯ ತುಂಬ ಹರಿದು ಹೋಗುತ್ತಿದ್ದವು, ಅಷ್ಟೇ ಆಗುತ್ತಿದ್ದುದು.

ಪ್ರಶ್ನೆ: ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಇದ್ದೇನೆ, ಇಲ್ಲಿಯ ಕೀಬೋರ್ಡ್ ಬಳಸುತ್ತೇನೆ. ಡೆಸ್ಕ್‌ಟಾಪಿನಲ್ಲಿ ಪಾಸ್‌ವರ್ಡ್ ಸರಿಯಾಗಿ ನಡೆಯುತ್ತದೆ, ಆದರೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಕಪ್ಪು ಪರದೆಗೆ ಹೋದರೆ ಅದೇ ಪಾಸ್‌ವರ್ಡನ್ನು ತಪ್ಪು ಎನ್ನುತ್ತದೆ. ಪಾಸ್‌ವರ್ಡಿನಲ್ಲಿ ‘ಅಟ್’ ಚಿಹ್ನೆ ಇದೆ.

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯದಲ್ಲೇ ಉತ್ತರವಿದೆ. ಅಮೆರಿಕದ ವಿನ್ಯಾಸದಲ್ಲಿ ಶಿಫ್ಟ್ ಹಿಡಿದು 2 ಒತ್ತಿದರೆ ‘ಅಟ್’ ಬರುತ್ತದೆ. ಬ್ರಿಟನ್ನಿನ ವಿನ್ಯಾಸದಲ್ಲಿ ಅಲ್ಲಿ ಜೋಡಿ ಉದ್ಧರಣ ಚಿಹ್ನೆ ಇದ್ದು, ‘ಅಟ್’ ಬಲಗಡೆಯ ಒಂಟಿ ಉದ್ಧರಣದ ಕೀಲಿಗೆ ಹೋಗಿದೆ. ಇನ್‌ಸ್ಟಾಲ್ ಮಾಡುವಾಗ ಅಮೆರಿಕದ ವಿನ್ಯಾಸವನ್ನು ಆರಿಸಿ, ಆಮೇಲೆ ಡೆಸ್ಕ್‌ಟಾಪಿನ ಸೆಟ್ಟಿಂಗ್‌ನಲ್ಲಿ ಬ್ರಿಟನ್ನಿನದಕ್ಕೆ ಬದಲಿಸಿ, ಅಲ್ಲಿ ಹೊಸ ಪಾಸ್‌ವರ್ಡ್ ಇಟ್ಟಿರುತ್ತೀರಿ. ಡೆಸ್ಕ್‌ಟಾಪಿನ ಬದಲಾವಣೆ ಕಪ್ಪು ಪರದೆಗೆ ತಲುಪಿಲ್ಲ. ಪರೀಕ್ಷಿಸಲು, ಪಾಸ್‌ವರ್ಡಿನಲ್ಲಿರುವ ಚಿಹ್ನೆಗಳನ್ನಷ್ಟೇ ಲಾಗಿನ್ ಸಾಲಿನಲ್ಲಿ, ಅಂದರೆ ಹೆಸರು ಬರೆಯುವ ಜಾಗದಲ್ಲಿ, ಒತ್ತಿ ನೋಡಿ. ಅಲ್ಲಿ ಅಕ್ಷರಗಳು ಕಾಣುತ್ತವೆ. ನೋಡಿಯಾದ ಮೇಲೆ ಕಂಟ್ರೋಲ್ ಮತ್ತು ‘ಯು’ ಒತ್ತಿ ಅಳಿಸಿಬಿಡಿ, ಎಂಟರ್ ಒತ್ತಬೇಡಿ, ಏಕೆಂದರೆ ಹೆಸರಿನ ಜಾಗದಲ್ಲಿ ಬರೆದದ್ದು ವಿಫಲ ಲಾಗಿನ್‌ಗಳ ದಾಖಲೆಯಲ್ಲಿ ಸೇರಬಹುದು. ಶಾಶ್ವತ ಪರಿಹಾರಕ್ಕೆ ರೂಟ್ ಆಗಿ ‘ಡಿಪಿಕೆಜಿ-ರೀಕಾನ್ಫಿಗರ್’ ಎಂದು ಬರೆದು, ಜಾಗ ಬಿಟ್ಟು, ‘ಕೀಬೋರ್ಡ್-ಕಾನ್ಫಿಗರೇಷನ್’ ಕೊಟ್ಟು, ಬ್ರಿಟನ್ನಿನ ವಿನ್ಯಾಸವನ್ನು ಆರಿಸಿ, ಯಂತ್ರವನ್ನು ಒಮ್ಮೆ ರೀಬೂಟ್ ಮಾಡಿ.

ಇಲ್ಲೇ ಸೇರಿಸಬೇಕಾದ ಒಂದು ಸಂಗತಿಯಿದೆ. ಕೆನ್ ಥಾಂಪ್ಸನ್ ಅವರ 1980ರ ಆಸುಪಾಸಿನ ಪಾಸ್‌ವರ್ಡ್ ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿಯ ಒಂದು ಹಳೆಯ ಫೈಲಿನಲ್ಲಿ ಗೂಢ ರೂಪದಲ್ಲಿ ಉಳಿದಿತ್ತು. 2019ರಲ್ಲಿ ಅದನ್ನು ಬಿಡಿಸಿದಾಗ ಅದು ಅಕ್ಷರ, ಅಂಕಿ, ಓರೆಗೆರೆ, ಅಡ್ಡಗೆರೆ, ಉದ್ಗಾರ ಚಿಹ್ನೆಗಳು ಬೆರೆತ ಚದುರಂಗದ ಒಂದು ನಡೆಯಾಗಿತ್ತು. ನೆನಪಿಡಲು ಸುಲಭ, ಊಹಿಸಲು ಕಷ್ಟ. ಪಾಸ್‌ವರ್ಡ್ ಆರಿಸುವಾಗ ಈ ಮಾದರಿಯನ್ನು ಅನುಸರಿಸಬಹುದು. ಆ ಕಾಲದಲ್ಲಿ ಎಂಟು ಅಕ್ಷರಗಳ ಮಿತಿಯಿತ್ತು, ಇಂದು ಹಾಗಿಲ್ಲ, ಇನ್ನೂ ಉದ್ದವಾಗಿಡಿ.

ಪ್ರಶ್ನೆ: ಇನ್‌ಸ್ಟಾಲ್ ಮಾಡುವಾಗ ಅಭಿಮಾನದಿಂದ ಕನ್ನಡವನ್ನೇ ಆರಿಸಿದೆ. ಡೆಸ್ಕ್‌ಟಾಪ್ ಚೆನ್ನಾಗಿ ಕನ್ನಡದಲ್ಲಿದೆ, ಆದರೆ ಕಪ್ಪು ಪರದೆಯಲ್ಲಿ ಸಂದೇಶಗಳು ಬರೀ ಚೌಕಗಳಾಗಿ ಕಾಣುತ್ತವೆ. ಕನ್ನಡವನ್ನು ಬಿಡಬೇಕೆ? (ಮೈಸೂರಿನ ಸಂಶೋಧಕಿ)

ಉತ್ತರ: ಬಿಡಬೇಡಿ, ದಯವಿಟ್ಟು ಬಿಡಬೇಡಿ. ಮಿತಿ ಇರುವುದು ಆ ಕಪ್ಪು ಪರದೆಗೆ. ಲಿನಕ್ಸ್ ಕರ್ನೆಲ್‌ನ ಕನ್ಸೋಲ್, ಅಂದರೆ ಈ ಕಪ್ಪು ಪರದೆ, ಹೆಚ್ಚೆಂದರೆ 512 ಅಕ್ಷರರೂಪಗಳನ್ನು ಇಟ್ಟುಕೊಳ್ಳಬಲ್ಲದು, ಮತ್ತು ಒಂದೊಂದು ಅಕ್ಷರವನ್ನೂ ಒಂದೊಂದು ಚೌಕದಲ್ಲಿ ಕೂರಿಸುತ್ತದೆ. ಕನ್ನಡಕ್ಕೆ ಅಷ್ಟು ಸಾಲದು: ‘ಸ್ತ್ರೀ’ ಎಂಬ ಒಂದು ಅಕ್ಷರವನ್ನು ಬರೆಯಲು ಸಕಾರ, ಅದರ ಕೆಳಗೆ ಎರಡು ಒತ್ತುಗಳು, ಮೇಲೆ ದೀರ್ಘದ ಗುಣಿತ ಎಲ್ಲವೂ ಒಂದರೊಡನೊಂದು ಹೊಂದಿಕೊಂಡು ಕೂರಬೇಕು, ಆ ಜೋಡಣೆಯ ಕೆಲಸ ಕನ್ಸೋಲಿಗೆ ಗೊತ್ತಿಲ್ಲ. ಆದರೆ ನಿಮ್ಮ ಫೈಲುಗಳಲ್ಲಿರುವ ಕನ್ನಡಕ್ಕೆ ಕುಂದಿಲ್ಲ. ಅದು ಅಕ್ಷರಗಳನ್ನು ಅಂಕಿಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ ಒಂದೊಂದು ಸಂಕೇತಕ್ಕೆ ಮೂರು ಬೈಟುಗಳಂತೆ ಭದ್ರವಾಗಿರುತ್ತದೆ. ಈ ಯುಟಿಎಫ್-8 ಕೂಡ ಅದೇ ಕೆನ್ ಥಾಂಪ್ಸನ್ ಅವರು ಬೆಲ್ ಲ್ಯಾಬ್ಸ್‌ನ ಸಹೋದ್ಯೋಗಿ ರಾಬ್ ಪೈಕ್ ಜೊತೆಗೂಡಿ 1992ರ ಸೆಪ್ಟೆಂಬರಿನ ಒಂದು ಸಂಜೆ ನ್ಯೂಜೆರ್ಸಿಯ ಹೋಟೆಲಿನಲ್ಲಿ ಊಟದ ಮೇಜಿನ ಹಾಸಿನ ಮೇಲೆ ಗೀಚಿ ರೂಪಿಸಿದ್ದು. ಇಂದು ಲಿನಕ್ಸ್‌ನಲ್ಲಿ ನಾವು ಬರೆಯುವ ಕನ್ನಡವೆಲ್ಲ ಡಿಸ್ಕಿಗೆ ಇಳಿಯುವುದು ಸಾಮಾನ್ಯವಾಗಿ ಆ ಕ್ರಮದಲ್ಲಿಯೇ.

ಕಪ್ಪು ಪರದೆಯಲ್ಲಿ ಕೆಲಸವಿದ್ದಾಗ ಲಾಗಿನ್ ಆದ ಮೇಲೆ ‘ಎಕ್ಸ್‌ಪೋರ್ಟ್’ ಎಂದು ಸಣ್ಣಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು, ದೊಡ್ಡಕ್ಷರಗಳಲ್ಲಿ ‘ಎಲ್ ಸಿ’, ಅಂಡರ್‌ಸ್ಕೋರ್, ‘ಎ ಎಲ್ ಎಲ್’, ಸಮ ಚಿಹ್ನೆ, ದೊಡ್ಡ ‘ಸಿ’ ಇಷ್ಟನ್ನೂ ಜಾಗವಿಲ್ಲದೆ ಬರೆಯಿರಿ. ಲಾಗ್‌ಔಟ್ ಆಗುವವರೆಗೆ ಸಂದೇಶಗಳು ಇಂಗ್ಲಿಷಿನಲ್ಲಿ ಬರುತ್ತವೆ, ಡೆಸ್ಕ್‌ಟಾಪಿನ ಕನ್ನಡ ಹಾಗೆಯೇ ಇರುತ್ತದೆ. ಅಕ್ಷರವಿನ್ಯಾಸಗಳಿಗಾಗಿ ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಪೊಟ್ಟಣವನ್ನು ಹಾಕಿಕೊಂಡರೆ ಕನ್ನಡಿಗರೇ ರೂಪಿಸಿದ ಗುಬ್ಬಿ ಮತ್ತು ನವಿಲು ಎರಡೂ ಬರುತ್ತವೆ. ಟೈಪ್ ಮಾಡಲು ‘ಐಬಸ್-ಎಂ17ಎನ್’ ಹಾಕಿದರೆ ಕಗಪ ಮತ್ತು ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸಗಳು ಸಿಗುತ್ತವೆ. ಲಾಗಿನ್ ಪಾಸ್‌ವರ್ಡನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಇಡಿ, ಇಲ್ಲವಾದರೆ ಕಪ್ಪು ಪರದೆಯಲ್ಲಿ ಅದನ್ನು ಬರೆಯುವ ದಾರಿಯೇ ಇರುವುದಿಲ್ಲ.

ಪ್ರಶ್ನೆ: ಇನ್‌ಸ್ಟಾಲ್ ಮಾಡಿ ಒಂದು ವಾರ ಊರಿಗೆ ಹೋಗಿದ್ದೆ. ಬಂದು ನೋಡಿದರೆ ಎರಡೂ ಪಾಸ್‌ವರ್ಡ್ ಮರೆತಿದ್ದೇನೆ. ಎಲ್ಲ ಅಳಿಸಿ ಮತ್ತೆ ಹಾಕುವುದೊಂದೇ ದಾರಿಯೆ? (ಉಡುಪಿಯ ಅಂಗಡಿ ಮಾಲೀಕರು)

ಉತ್ತರ: ಅಳಿಸಬೇಕಾಗಿಲ್ಲ. ಯಂತ್ರ ಚಾಲೂ ಆಗುವಾಗ ಮೊದಲು ಬರುವ, ಯಾವ ವ್ಯವಸ್ಥೆ ಶುರುವಾಗಬೇಕೆಂದು ಕೇಳುವ ಗ್ರಬ್ ಎಂಬ ಪಟ್ಟಿಯಲ್ಲಿ, ಐದು ಸೆಕೆಂಡು ಮುಗಿಯುವುದರೊಳಗೆ ‘ಇ’ ಒತ್ತಿ. ಕಾಣುವ ಬರಹದಲ್ಲಿ ‘ಲಿನಕ್ಸ್’ ಎಂದು ಶುರುವಾಗುವ ಸಾಲಿಗೆ ಹೋಗಿ, ಅದರಲ್ಲಿರುವ ‘ಆರ್ ಓ’ ಎಂಬುದನ್ನು ‘ಆರ್ ಡಬ್ಲ್ಯೂ’ ಮಾಡಿ. ಸಾಲಿನ ಕೊನೆಯಲ್ಲಿ ಜಾಗ ಬಿಟ್ಟು ‘ಇನಿಟ್’, ಸಮ ಚಿಹ್ನೆ, ಓರೆಗೆರೆ, ‘ಬಿನ್’, ಓರೆಗೆರೆ, ‘ಬ್ಯಾಷ್’ ಸೇರಿಸಿ. ಎಫ್10 ಒತ್ತಿದರೆ ಲಾಗಿನ್ ಕೇಳದೆ ನೇರವಾಗಿ ಹ್ಯಾಷ್ ಚಿಹ್ನೆ ಬರುತ್ತದೆ. ಅಲ್ಲಿ ‘ಪಿ ಎ ಎಸ್ ಎಸ್ ಡಬ್ಲ್ಯೂ ಡಿ’, ಜಾಗ, ನಿಮ್ಮ ಬಳಕೆದಾರ ಹೆಸರು ಬರೆದು ಹೊಸ ಪಾಸ್‌ವರ್ಡ್ ಕೊಡಿ. ರೂಟ್‌ಗೂ ಪ್ರತ್ಯೇಕ ಪಾಸ್‌ವರ್ಡ್ ಇಟ್ಟಿದ್ದರೆ ಅದೇ ರೀತಿ ಅದನ್ನೂ ಬದಲಿಸಿ. ಆಮೇಲೆ ‘ಎಸ್ ವೈ ಎನ್ ಸಿ’ ಎಂದು ಬರೆದು ಬದಲಾವಣೆಯನ್ನು ಡಿಸ್ಕಿಗೆ ಇಳಿಸಿ, ‘ರೀಬೂಟ್’, ಜಾಗ, ಅಡ್ಡಗೆರೆ, ‘ಎಫ್’ ಕೊಡಿ.

ಇಷ್ಟು ಸುಲಭವೇ ಎಂಬ ಆತಂಕ ನಿಮಗೆ ಈಗ ಬಂದಿದ್ದರೆ ಅದು ಸರಿಯಾದ ಆತಂಕವೇ. ಯಂತ್ರ ಕೈಗೆ ಸಿಕ್ಕ ಯಾರೇ ಆದರೂ ಇದನ್ನು ಮಾಡಬಲ್ಲರು. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದ್ದರೆ, ಅಂದರೆ ಪಾಸ್‌ವರ್ಡ್ ಇಟ್ಟು ಗೂಢ ರೂಪಕ್ಕೆ ಬದಲಿಸಿದ್ದರೆ ಮಾತ್ರ ಆ ಪಾಸ್‌ವರ್ಡ್ ಇಲ್ಲದೆ ಇಲ್ಲಿಯವರೆಗೆ ಬರಲಾಗುವುದಿಲ್ಲ, ಆದರೆ ಅದನ್ನೂ ಮರೆತರೆ ಒಳಗಿನ ಮಾಹಿತಿ ನಿಮಗೂ ಸಿಗುವುದಿಲ್ಲ. ಅಂಗಡಿಯ ಲೆಕ್ಕ ಈ ಯಂತ್ರದಲ್ಲಿ ಇರಬೇಕಾದರೆ, ವಾರದಷ್ಟು ಹಳೆಯದಾದ ಈ ವ್ಯವಸ್ಥೆಯಲ್ಲಿ ಇನ್ನೂ ಏನನ್ನೂ ತುಂಬದಿರುವಾಗಲೇ ಮತ್ತೊಮ್ಮೆ ಇನ್‌ಸ್ಟಾಲ್ ಮಾಡಿ, ಡಿಸ್ಕ್ ವಿಭಾಗಿಸುವ ಹಂತದಲ್ಲಿ ಎನ್‌ಕ್ರಿಪ್ಟ್ ಮಾಡುವ ಆಯ್ಕೆಯನ್ನು ಆರಿಸಿ, ಅದರ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ನಗದು ಪೆಟ್ಟಿಗೆಯಲ್ಲಿ ಬೇಡ, ಮನೆಯ ಬೀರುವಿನಲ್ಲಿ ಇಡಿ.